ಅರಿವಳಿಕೆಯೂ ವೈರಾಣುವೂ

ಅರಿವು ಅಳಿಯುವುದೇ ಅರಿವಳಿಕೆ. ಶಬ್ದವೇ ತನ್ನ ಅರ್ಥವನ್ನು ಹೇಳುತ್ತದೆ. 1846ರ ಅಕ್ಟೋಬರ್ 16ರಂದು ಅಮೆರಿಕದ ಬಾಸ್ಟನ್ ನಗರದಲ್ಲಿ ಮಾರ್ಟನ್ ಎಂಬ ದಂತವೈದ್ಯನು ರೋಗಿಯೊಬ್ಬನಿಗೆ ಈಥರಿನ ಆವಿಯನ್ನು ಉಸಿರಾಡಿಸಿದನು. ಶಸ್ತ್ರವೈದ್ಯನು ಅವನ ಕೊರಳಿನ ಗಡ್ಡೆಯನ್ನು ಕೂಗಾಟವಿಲ್ಲದೆ ಕೊಯ್ದನು. ಆ ಈಥರಿಗೂ ನಮ್ಮ ಬೆಳ್ತಂಗಡಿಯ ಕಾಡನ್ನು ಕಾಡಿದ ಮಂಗನ ಕಾಯಿಲೆಗೂ ಏನು ಸಂಬಂಧವೆಂದು ವಾಚಕರು ಕೇಳಬಹುದು. ಸಂಬಂಧವಿದೆ. ಅದನ್ನು ತಿಳಿದರೆ ಈ ಜ್ವರಕ್ಕೆ ಇಂದಿಗೂ ನೇರವಾದ ಮದ್ದು ಏಕಿಲ್ಲವೆಂಬುದೂ ತಿಳಿಯುತ್ತದೆ.

ಈ ಕಾಯಿಲೆ ಮೊದಲು ಗೊತ್ತಾದುದು 1957ರಲ್ಲಿ, ಶಿವಮೊಗ್ಗ ಜಿಲ್ಲೆಯ ಸೊರಬ ತಾಲೂಕಿನ ಕ್ಯಾಸನೂರು ಕಾಡಿನಲ್ಲಿ. ಪುಣೆಯ ವೈರಾಣು ಸಂಶೋಧನ ಕೇಂದ್ರದವರು ಸತ್ತ ಮಂಗಗಳಲ್ಲಿಯೂ ರೋಗಿಗಳಲ್ಲಿಯೂ ಒಂದೇ ವೈರಾಣುವನ್ನು ಕಂಡರು. ಅದನ್ನು ಹರಡುವುದು ಕಾಡಿನ ಉಣ್ಣಿ. ಮಲೆನಾಡಿಗರು ಅದನ್ನು ಉಣುಗು ಎನ್ನುತ್ತಾರೆ. 1982ರ ಕೊನೆಯಲ್ಲಿ ರೋಗ ಘಟ್ಟದ ಕೆಳಗೂ ತಲೆಯೆತ್ತಿತು. ಬೆಳ್ತಂಗಡಿ ತಾಲೂಕಿನ ನಿಡ್ಲೆ, ಪಟ್ರಮೆಗಳ ಸುತ್ತ ಗೇರು ತೋಟಕ್ಕೆಂದು ಕಾಡು ಕಡಿದ ಬಳಿಕ ಮಂಗಗಳು ಸತ್ತವು. 1983ರಲ್ಲಿ ನೂರಾರು ಮಂದಿ ಹಾಸಿಗೆ ಹಿಡಿದರು, ಅನೇಕರು ತೀರಿಕೊಂಡರು.

ಇನ್ನು ವೈರಾಣುವಿನ ರಚನೆಯನ್ನು ನೋಡೋಣ. ಇಂತಹ 20,000 ಕಣಗಳನ್ನು ಸಾಲಾಗಿ ಇಟ್ಟರೆ ಸುಮಾರು ಒಂದು ಮಿಲಿಮೀಟರ್ ಆದೀತು. ನಡುವೆ ಆರ್‌ಎನ್‌ಎ ಎಂಬ ಎಳೆ. ಅದರ ಮೇಲೆ ಪ್ರೋಟೀನಿನ ಚಿಪ್ಪು. ಎಲ್ಲಕ್ಕೂ ಹೊರಗೆ ಕೊಬ್ಬಿನ ತೆಳುಹೊದಿಕೆ. ಈ ಹೊದಿಕೆ ವೈರಾಣುವಿನ ಸ್ವಂತ ಸಂಪಾದನೆಯಲ್ಲ. ತಾನು ಹೊಕ್ಕ ಜೀವಕೋಶದ ಪೊರೆಯಿಂದಲೇ ಕಿತ್ತುಕೊಂಡದ್ದು. ಆದರೂ ಅದಿಲ್ಲದೆ ಇನ್ನೊಂದು ಕೋಶದೊಳಗೆ ನುಗ್ಗಲಾರದು.

ಈಥರ್ ಕೊಬ್ಬನ್ನು ಕರಗಿಸುವ ದ್ರವ. ಗಾಜಿನ ನಳಿಗೆಯಲ್ಲಿ ಈ ಜಾತಿಯ ವೈರಾಣುವಿಗೆ ಈಥರನ್ನು ಬೆರೆಸಿದರೆ ಹೊದಿಕೆ ಕರಗಿ, ಸೋಂಕುವ ಶಕ್ತಿ ಅಳಿಯುತ್ತದೆ. ಪೋಲಿಯೋ ವೈರಾಣುವಿಗೆ ಕೊಬ್ಬಿನ ಹೊದಿಕೆಯಿಲ್ಲ; ಆದುದರಿಂದ ಅದು ಈಥರಿಗೆ ಜಗ್ಗುವುದಿಲ್ಲ. 1949ರಲ್ಲಿ ಆಂಡ್ರೂಸ್ ಮತ್ತು ಹಾರ್ಸ್ಟ್‌ಮನ್ ಎಂಬ ವಿಜ್ಞಾನಿಗಳು ಹಲವು ವೈರಾಣುಗಳನ್ನು ಹೀಗೆ ಪರೀಕ್ಷಿಸಿದರು. ಈಥರಿಗೆ ಅಳಿಯುವುವು ಒಂದು ಪಂಗಡ, ಎದುರಿಸಿ ಉಳಿಯುವುವು ಇನ್ನೊಂದು ಎಂಬ ವಿಂಗಡಣೆ ಬಹುಕಾಲ ಪ್ರಯೋಗಶಾಲೆಗಳಲ್ಲಿ ಬಳಕೆಯಲ್ಲಿತ್ತು. ಮಂಗನ ಕಾಯಿಲೆಯ ವೈರಾಣು ಅಳಿಯುವ ಪಂಗಡದ್ದು.

ಹಾಗಾದರೆ ರೋಗಿಗೆ ಈಥರ್ ಮೂಸಿಸಿದರೆ ಸಾಲದೆ? ಸಾಲದು. ನಳಿಗೆಯಲ್ಲಿ ಬೆರೆಸುವ ಈಥರ್ ಎಷ್ಟು, ಉಸಿರಿನೊಡನೆ ರಕ್ತಕ್ಕೆ ಸೇರುವುದು ಎಷ್ಟು! ವೈರಾಣುವಿನ ಹೊದಿಕೆ ಕರಗುವಷ್ಟು ಈಥರನ್ನು ಮೈಗೆ ಕೊಟ್ಟರೆ ನಮ್ಮ ಕೋಶಗಳ ಪೊರೆಯೂ ಉಳಿಯದು, ರೋಗಿಯೂ ಉಳಿಯನು.

ಅರಿವಳಿಕೆಯ ಮಿತಪ್ರಮಾಣವೂ ವೈರಾಣುವಿನ ಮೇಲೆ ಪರಿಣಾಮ ಮಾಡುವುದುಂಟು. ಆದರೆ ಬೇರೆ ದಾರಿಯಿಂದ. ವೈರಾಣುವಿಗೆ ಸ್ವಂತ ಅಡಿಗೆಮನೆಯಿಲ್ಲ. ಪರರ ಮನೆ ಹೊಕ್ಕು, ಅವರದೇ ಒಲೆ, ಅವರದೇ ಅಕ್ಕಿಯಿಂದ ತನ್ನ ಸಂತತಿಯನ್ನು ಬೆಳೆಸುವ ಅತಿಥಿ ಅದು. ಮನೆಯ ಕೆಲಸ ನಿಧಾನವಾದರೆ ಅತಿಥಿಯ ಊಟವೂ ತಡವಾಗುತ್ತದೆ. 1980ರ ದಶಕದ ಆರಂಭದಲ್ಲಿ, ಗಾಜಿನ ಪಾತ್ರೆಯಲ್ಲಿ ಬೆಳೆಸಿದ ಕೋಶಗಳಿಗೆ ಹ್ಯಾಲೋಥೇನ್ ಎಂಬ ಅರಿವಳಿಕೆಯ ಆವಿಯನ್ನು ಸೋಕಿಸಿದಾಗ ದಡಾರದ ವೈರಾಣುವಿನ ವೃದ್ಧಿ ತಗ್ಗಿತು. ಪ್ರಮಾಣ ಹೆಚ್ಚಿದಂತೆ ಇನ್ನಷ್ಟು ತಗ್ಗಿತು. ಆದರೆ ಅರಿವಳಿಕೆಯು ರೋಗನಿರೋಧಕ ಕೋಶಗಳ ಕೆಲಸವನ್ನೂ ತಗ್ಗಿಸುತ್ತದೆ. ಕಳ್ಳನ ಕೈ ಕಟ್ಟಲು ಹೋಗಿ ಕಾವಲುಗಾರನ ಕೈಯನ್ನೂ ಕಟ್ಟಿದಂತೆ! ಪಾತ್ರೆಯಲ್ಲಿ ಕಂಡ ಗುಣವನ್ನು ಮೈಯಲ್ಲಿ ಕಾಣುವ ಚಿಕಿತ್ಸೆಯೆಂದು ಬಗೆಯಬಾರದು ಎಂಬುದಕ್ಕೆ ಇದಕ್ಕಿಂತ ಒಳ್ಳೆಯ ಪಾಠ ಬೇಡ. ವೈರಾಣುವನ್ನು ಕೊಲ್ಲುತ್ತದೆಂದು ಯಾರಾದರೂ ಯಾವುದಾದರೂ ದ್ರವ್ಯವನ್ನು ಹೊಗಳಿದರೆ, ‘ಎಲ್ಲಿ? ನಳಿಗೆಯಲ್ಲೋ, ಮೈಯಲ್ಲೋ?’ ಎಂದು ಮೊದಲು ಕೇಳಬೇಕು.

ಮೈಯೊಳಗೆ ಹೊಕ್ಕ ಮೇಲೆ ಈ ವೈರಾಣುವನ್ನೇ ಹುಡುಕಿ ಕೊಲ್ಲುವ ಔಷಧಿ ಇನ್ನೂ ದೊರೆತಿಲ್ಲ. ಜ್ವರ, ರಕ್ತಸ್ರಾವಗಳಿಗೆ ತಕ್ಕ ಶುಶ್ರೂಷೆ ಮಾಡಿ ರೋಗಿಯ ಶಕ್ತಿಯನ್ನು ಕಾಯುವುದೇ ವೈದ್ಯರ ದಾರಿ. ಬಹುಕಾಲ ಕೊಡುತ್ತಿದ್ದ ಹಳೆಯ ಲಸಿಕೆಯ ಬಳಕೆಯೂ 2022ರಲ್ಲಿ ನಿಂತಿತು. ಆದುದರಿಂದ ಅದು ಮೈಯನ್ನು ಹೊಗದಂತೆ ತಡೆಯುವುದೇ ಜಾಣತನ.

ಡಿಸೆಂಬರಿನಿಂದ ಮೇ ತಿಂಗಳವರೆಗೆ ಉಣ್ಣಿಯ ಮರಿಗಳ ಹಾವಳಿ ಹೆಚ್ಚು. ಬೆಳ್ತಂಗಡಿಯ ಕಾಡಂಚಿನವರೇ ಆಗಲಿ, ಬಂಟ್ವಾಳ, ಮೂಡಬಿದಿರೆಗಳಿಂದ ಆ ಕಡೆಗೆ ಕೆಲಸಕ್ಕೆ ಹೋಗುವವರೇ ಆಗಲಿ, ಹಟ್ಟಿಗೆ ಸೊಪ್ಪು ತರಲು ಗುಡ್ಡ ಹತ್ತುವಾಗ ಮೈತುಂಬ ಬಟ್ಟೆ ತೊಡಬೇಕು. ಆರೋಗ್ಯ ಇಲಾಖೆಯವರು ಕೊಡುವ ಉಣ್ಣಿ ನಿವಾರಕ ಎಣ್ಣೆಯನ್ನು ಕೈಕಾಲಿಗೆ ಹಚ್ಚಬೇಕು. ಮನೆಗೆ ಬಂದೊಡನೆ ಬಟ್ಟೆಯನ್ನು ಬಿಸಿನೀರಿಗೆ ಹಾಕಿ, ಮೈಯನ್ನು ಸಾಬೂನು ಹಚ್ಚಿ ತಿಕ್ಕಿ ಸ್ನಾನ ಮಾಡಬೇಕು. ಸತ್ತ ಮಂಗವನ್ನು ಮುಟ್ಟದೆ ಕೂಡಲೆ ಆರೋಗ್ಯ ಕೇಂದ್ರಕ್ಕೆ ತಿಳಿಸಬೇಕು. ಕಾಡಿಗೆ ಹೋಗಿಬಂದವರಿಗೆ ಇದ್ದಕ್ಕಿದ್ದಂತೆ ಜ್ವರ, ತಲೆನೋವು, ಮೈನೋವು ಬಂದರೆ, ಕಾಡಿಗೆ ಹೋದ ಸಂಗತಿಯನ್ನು ವೈದ್ಯರಿಗೆ ಮೊದಲೇ ಹೇಳಬೇಕು. ಆ ಒಂದು ಮಾತು ರಕ್ತಪರೀಕ್ಷೆಯನ್ನು ಬೇಗ ಮಾಡಿಸೀತು, ಒಂದು ಜೀವವನ್ನು ಉಳಿಸೀತು.