ಬಾಗಿಲೊಂದು, ಒಲೆಯೊಂದು

ಕಾಶಿಯಾತ್ರೆಗೆಂದು ಕೂಡಿಟ್ಟ ಹಣವದು. 1995ರಲ್ಲಿ, ಮಳೆಗೆ ಗುಡಿಸಲು ಕಳಕೊಂಡ ಬಡವರೊಬ್ಬರು ಕಾಸರಗೋಡು ಜಿಲ್ಲೆಯ ಬದಿಯಡ್ಕ ಸಮೀಪದ ಕಿಳಿಂಗಾರಿಗೆ ಬಂದು ತಮ್ಮ ಕಷ್ಟ ಹೇಳಿಕೊಂಡರು. ಕೇಳಿಸಿಕೊಂಡವರು ಗೋಪಾಲಕೃಷ್ಣ ಭಟ್ಟರು. ಕೃಷಿಕರು, ನಾಟಿ ವೈದ್ಯರು. ಊರವರ ಬಾಯಲ್ಲಿ ಸಾಯಿರಾಂ ಭಟ್ಟರು. ಅವರ ಕಾಶಿಯಾತ್ರೆ ಅಲ್ಲಿಗೇ ನಿಂತಿತು. ಆ ಹಣದಲ್ಲಿ ಒಂದು ಮನೆ ಎದ್ದಿತು. ಅದರ ಹಿಂದೆಯೇ ಇನ್ನೊಂದು, ಮತ್ತೊಂದು. 2022ರ ಜನವರಿಯಲ್ಲಿ ಭಟ್ಟರು ತೀರಿಕೊಳ್ಳುವಾಗ ಹೀಗೆ ಬಡವರ ಪಾಲಾದ ಮನೆಗಳ ಲೆಕ್ಕ 250 ದಾಟಿತ್ತು. ಜಾತಿ, ಮತ ಕೇಳದೆ ಕೊಟ್ಟ ಮನೆಗಳು.

ಬಡವರಿಗೆ ಮನೆ ಕಟ್ಟಿಸಿಕೊಡುವುದೇ ದಾನವೆಂದು ನಂಬಿದ ಹಳೆಯ ಪರಂಪರೆಯೊಂದು ಇಂಗ್ಲೆಂಡಿನಲ್ಲಿದೆ. ಅಲ್ಲಿ ಇಂಥ ಮನೆಗಳನ್ನು ಆಮ್ಸ್‌ಹೌಸ್ ಎನ್ನುತ್ತಾರೆ. ಎಂಟು ಒಂಬತ್ತು ನೂರು ವರ್ಷಗಳಲ್ಲಿ ಆ ಮನೆಗಳ ಆಕಾರ ಹೇಗೆ ಬದಲಾಯಿತೆಂದು ನೋಡಿದರೆ, ಕೊಡುವವರ ಮನಸ್ಸು ಬಡವರನ್ನು ಹೇಗೆ ಕಂಡಿತೆಂಬುದೂ ತಿಳಿಯುತ್ತದೆ.

ಮೊದಲು ಇದ್ದದ್ದು ಒಂದೇ ಉದ್ದನೆಯ ಹಜಾರ. ಎರಡೂ ಬದಿಗೆ ಸಾಲು ಮಂಚ, ಪೂರ್ವದ ತುದಿಯಲ್ಲಿ ಪ್ರಾರ್ಥನಾ ಮಂದಿರ. ಮಲಗಿದಲ್ಲಿಂದಲೇ ಪೂಜೆ ಕಾಣಬೇಕು ಎಂಬುದು ಆ ಕಟ್ಟಡದ ತರ್ಕ. ಇವುಗಳನ್ನು ಹಾಸ್ಪಿಟಲ್ ಎಂದೇ ಕರೆಯುತ್ತಿದ್ದರು. ಆಗ ಆ ಮಾತಿಗೆ ಚಿಕಿತ್ಸೆಗಿಂತ ಅತಿಥಿ ಸತ್ಕಾರದ ಅರ್ಥವೇ ಮುಖ್ಯವಾಗಿತ್ತು. ಒಳಗಿದ್ದವರ ಕೆಲಸ ಕಟ್ಟಿಸಿದವನ ಆತ್ಮಕ್ಕಾಗಿ ಪ್ರಾರ್ಥಿಸುವುದು. ಚತ್ರ ಕಟ್ಟಿಸಿದರೆ ಪುಣ್ಯ ಬರುತ್ತದೆಂದು ನಮ್ಮ ಹಿರಿಯರು ನಂಬಿದ ಹಾಗೆಯೇ ಅದೂ ಒಂದು ನಂಬಿಕೆ. ಆದರೆ ನಮ್ಮ ಚತ್ರ ದಾರಿಹೋಕರದ್ದು. ಒಂದೆರಡು ರಾತ್ರಿ ತಂಗಿ ಮುಂದೆ ಹೋಗುವವರದ್ದು. ಆಮ್ಸ್‌ಹೌಸ್ ಇದ್ದದ್ದು ಮುಂದೆ ಹೋಗಲು ಬೇರೆ ಊರಿಲ್ಲದ ಮುದುಕರಿಗೆ.

ವಿಂಚೆಸ್ಟರ್ ಪಟ್ಟಣದ ಸೇಂಟ್ ಕ್ರಾಸ್ ಇವುಗಳಲ್ಲಿ ಬಹಳ ಹಳೆಯದು. ಬಿಷಪ್ ಹೆನ್ರಿ ಆಫ್ ಬ್ಲಾಯ್ಸ್ 1130ರ ದಶಕದಲ್ಲಿ 13 ಮಂದಿ ಬಡ ಗಂಡಸರಿಗಾಗಿ ಅದನ್ನು ಸ್ಥಾಪಿಸಿದ. ಹದಿನೈದನೆಯ ಶತಮಾನದಲ್ಲಿ ಕಾರ್ಡಿನಲ್ ಬ್ಯೂಫೋರ್ಟ್ ಅದನ್ನು ಬೆಳೆಸಿದ. ಆ ಕಾಲದ ಸಾಲುಮನೆಗಳು ಇಂದಿಗೂ ಇವೆ. ಅಂಗಳದಲ್ಲಿ ನಿಂತರೆ ಮೊದಲು ಕಣ್ಣಿಗೆ ಬೀಳುವುದು ಮಾಡಿನ ಮೇಲೆ ಸಾಲಾಗಿ ನೆಟ್ಟಗೆ ನಿಂತ ಎತ್ತರದ ಹೊಗೆಗೂಡುಗಳು. ಆ ಹೊಗೆಗೂಡುಗಳೇ ಇಡೀ ಕಥೆ ಹೇಳುತ್ತವೆ. ಸಾಲುಮಂಚದ ಹಜಾರದಲ್ಲಿ ಯಾರಿಗೂ ಸ್ವಂತ ಒಲೆ ಇರಲಿಲ್ಲ. ಇಲ್ಲಿ ಪ್ರತಿ ಮುದುಕನಿಗೂ ತನ್ನದೇ ಬೆಂಕಿ ಬಂತು, ಬಾಗಿಲು ಬಂತು, ಒಳಗಿನಿಂದ ಚಿಲಕ ಹಾಕಿಕೊಳ್ಳುವ ಹಕ್ಕು ಬಂತು. ಬಾಗಿಲಿಗೆ ಬಂದು ಕೇಳಿದ ದಾರಿಹೋಕರಿಗೆ ಒಂದು ತುಂಡು ರೊಟ್ಟಿ, ಒಂದು ಗುಟುಕು ಬಿಯರ್ ಕೊಡುವ ಪದ್ಧತಿ ಈಗಲೂ ಅಲ್ಲಿ ಉಳಿದಿದೆ.

1437ರಲ್ಲಿ ಇವೆಲ್ಮ್ ಎಂಬ ಹಳ್ಳಿಯಲ್ಲಿ ವಿಲಿಯಂ ಡಿ ಲಾ ಪೋಲ್ ಮತ್ತು ಆತನ ಹೆಂಡತಿ, ಕವಿ ಚಾಸರನ ಮೊಮ್ಮಗಳು ಆಲಿಸ್, ಇದೇ ಬಗೆಯ ಇನ್ನೊಂದನ್ನು ಸ್ಥಾಪಿಸಿದರು. ಅಲ್ಲಿಯೂ 13 ಮಂದಿ. ನಡುವೆ ಅಂಗಳ, ಸುತ್ತ ಮಳೆಗೆ ನೆನೆಯದಂತೆ ನಡೆದಾಡಲು ಜಗಲಿ, ಜಗಲಿಗೆ ತೆರೆದ ಮನೆಬಾಗಿಲುಗಳು. ನಮ್ಮ ನಾಲ್ಕು ಸುತ್ತಿನ ಮನೆ ನೋಡಿದವರಿಗೆ ಆ ಅಂಗಳ ಹೊಸದೆನಿಸದು. ನಮ್ಮಲ್ಲಿ ಒಂದೇ ಕುಟುಂಬ ಬಾಳಿದ ಆ ಸುತ್ತಿನಲ್ಲಿ ಅಲ್ಲಿ ಕುಟುಂಬವಿಲ್ಲದವರು ನೆರೆಹೊರೆಯಾದರು. ಒಬ್ಬನ ಬಾಗಿಲು ಬೆಳಿಗ್ಗೆ ತೆರೆಯದಿದ್ದರೆ ಎದುರಿನವನಿಗೆ ಗೊತ್ತಾಗುತ್ತಿತ್ತು.

ಹದಿನಾರನೆಯ ಶತಮಾನದಲ್ಲಿ ದೊರೆ ಎಂಟನೆಯ ಹೆನ್ರಿ ಮಠಗಳನ್ನು ಮುಚ್ಚಿಸಿದಾಗ ಇಂಥ ಎಷ್ಟೋ ಆಸರೆಗಳೂ ಅವುಗಳೊಂದಿಗೆ ಅಳಿದವು. ಆಮೇಲೆ ಕಟ್ಟಿಸಲು ಮುಂದೆ ಬಂದವರಲ್ಲಿ ಶ್ರೀಮಂತರು, ವರ್ತಕರು ಹೆಚ್ಚು. ಲಂಡನ್ನಿನ ವರ್ತಕ ಸರ್ ರಾಬರ್ಟ್ ಜೆಫ್ರಿ ಬಿಟ್ಟುಹೋದ ಹಣದಲ್ಲಿ 1714ರಲ್ಲಿ 14 ಮನೆಗಳಾದವು. ಇಂದು ಅವು ಮನೆಬಾಳಿನ ವಸ್ತುಸಂಗ್ರಹಾಲಯ. ಆತನ ಸಂಪತ್ತಿನಲ್ಲಿ ಗುಲಾಮರ ವ್ಯಾಪಾರದ ಪಾಲೂ ಇತ್ತು. ಆ ಕಟ್ಟಡದ ಮೇಲೆ ಆತನ ಪ್ರತಿಮೆ ಇರಬೇಕೇ ಎಂಬ ಚರ್ಚೆ ಇತ್ತೀಚೆಗೆ ಜೋರಾಗಿಯೇ ನಡೆಯಿತು. ದಾನದ ಮನೆಗೆ ಹೋದಾಗ ಹಣ ಎಲ್ಲಿಂದ ಬಂತೆಂದು ಕೇಳುವುದು ತಪ್ಪಲ್ಲ.

ಆ ಪ್ರಶ್ನೆಯನ್ನು ಕಿಳಿಂಗಾರಿನಲ್ಲಿ ಕೇಳಿದರೆ ಸಿಗುವ ಉತ್ತರ ಸರಳ: ತೋಟದ ಆದಾಯದಿಂದ. ಬೇರೆಯವರ ಮಾಡು ನಿಲ್ಲಿಸಿದ್ದು ಒಬ್ಬ ಕೃಷಿಕನ ದುಡಿಮೆ. ಮನೆಯ ಜತೆಗೆ ಕುಡಿಯುವ ನೀರಿನ ಯೋಜನೆ, ಹೊಲಿಗೆ ಯಂತ್ರ, ಆಟೋರಿಕ್ಷಾ, ಉಚಿತ ವೈದ್ಯಕೀಯ ಶಿಬಿರ ಹೀಗೆ ಭಟ್ಟರ ಕೈ ಚಾಚಿದ ಕಡೆಗಳು ಹಲವು. ಬರೀ ಮಾಡು ಕೊಟ್ಟರೆ ಸಾಲದು, ಅದರಡಿ ಒಲೆ ಉರಿಯಬೇಕು ಎಂಬ ವಿವೇಕ ಇದರಲ್ಲಿದೆ.

ಆಟಿ ತಿಂಗಳ ಮಳೆ ಬಲ್ಲವರಿಗೆ ಇದರ ಬೆಲೆ ಗೊತ್ತು. ವರ್ಷಕ್ಕೆ 3,000 ಮಿಲಿಮೀಟರಿಗೂ ಮೀರಿ ಮಳೆ ಸುರಿಯುವ ಜಿಲ್ಲೆ ನಮ್ಮದು. ಮುಳಿಹುಲ್ಲಿನ ಮಾಡು ಒಮ್ಮೆ ಸೋರತೊಡಗಿದರೆ ಒಲೆಯ ಬೂದಿ ಕೆಸರಾಗುತ್ತದೆ, ಸೌದೆ ಹತ್ತುವುದಿಲ್ಲ, ಹಾಸಿಗೆಯನ್ನು ಮೂಲೆಯಿಂದ ಮೂಲೆಗೆ ಎಳೆಯುತ್ತ ರಾತ್ರಿ ಕಳೆಯಬೇಕು. ಅಂಥ ಮನೆಯವರಿಗೆ ಗಟ್ಟಿ ಗೋಡೆ, ಬೀಗ ಹಾಕಬಹುದಾದ ಬಾಗಿಲು ಸಿಕ್ಕಿತೆಂದರೆ ಬದುಕಿನ ಅರ್ಧ ಭಯ ಅಲ್ಲಿಗೇ ಕಳೆಯಿತು.

ಆಮ್ಸ್‌ಹೌಸಿಗೂ ಕಿಳಿಂಗಾರಿನ ಮನೆಗಳಿಗೂ ಒಂದು ದೊಡ್ಡ ವ್ಯತ್ಯಾಸವಿದೆ. ಆಮ್ಸ್‌ಹೌಸ್ ಎಂದೂ ವಾಸಿಸುವವನ ಸ್ವಂತದ್ದಲ್ಲ. ಒಬ್ಬ ತೀರಿದರೆ ಇನ್ನೊಬ್ಬನಿಗೆ ಆ ಬಾಗಿಲು ತೆರೆಯುತ್ತದೆ. ಟ್ರಸ್ಟಿನ ಜಮೀನಿನ ಆದಾಯ ಅದನ್ನು ಕಾಯುತ್ತದೆ. ಜರ್ಮನಿಯ ಆಗ್ಸ್‌ಬರ್ಗಿನಲ್ಲಿ ಯಾಕೋಬ್ ಫುಗ್ಗರ್ 1521ರಲ್ಲಿ ನೆಲೆಗೊಳಿಸಿದ, ಇದೇ ಬಗೆಯ ಬಡವರ ಬಡಾವಣೆ ಫುಗ್ಗರೈಯಲ್ಲಿ ವರ್ಷದ ಬಾಡಿಗೆ ಇಂದಿಗೂ ಒಂದು ಯೂರೋಗಿಂತ ಕಡಿಮೆ. ಜತೆಗೆ ದಿನಕ್ಕೆ ಮೂರು ಪ್ರಾರ್ಥನೆ. ಕಿಳಿಂಗಾರಿನ ಮನೆಯೋ ಕೊಟ್ಟ ಮೇಲೆ ಪಡೆದವರದ್ದೇ. ಊರೂರಿನಲ್ಲಿ ಬೇರೆ ಮನೆಗಳ ನಡುವೆ ಅವೂ ಹರಡಿಕೊಂಡಿವೆ. ಬಡವರ ಕೇರಿ ಎಂದು ಬೆರಳು ತೋರಿಸಲು ಹೆಬ್ಬಾಗಿಲಿಲ್ಲ, ದಾನಿಯ ಲಾಂಛನವಿಲ್ಲ. ಮರ್ಯಾದೆಯ ವಿಷಯದಲ್ಲಿ ಇದು ಒಂದು ಹೆಜ್ಜೆ ಮುಂದೆ ಎಂದೇ ನನ್ನ ಭಾವನೆ.

ಆದರೆ ಆಮ್ಸ್‌ಹೌಸ್ ಮಾದರಿಯ ಅಗತ್ಯವೂ ಕಾಸರಗೋಡಿಗಿದೆ. ಗೇರು ತೋಟಗಳ ಮೇಲೆ 2000ನೇ ಇಸವಿಯವರೆಗೆ ಹೆಲಿಕಾಪ್ಟರಿನಿಂದ ಎಂಡೋಸಲ್ಫಾನ್ ಕೀಟನಾಶಕ ಸಿಂಪಡಿಸಿದ ಈ ಜಿಲ್ಲೆಯಲ್ಲಿ, ದೊಡ್ಡವರಾದರೂ ಎತ್ತಿ ಉಣಿಸಬೇಕಾದ ಮಕ್ಕಳಿದ್ದಾರೆ. ಅವರ ತಾಯಂದಿರಿಗೆ ವಯಸ್ಸಾಗುತ್ತಿದೆ. ನಮ್ಮ ನಂತರ ಇವರಿಗೆ ಯಾರು ಎಂಬುದು ಅವರ ಒಂದೇ ಪ್ರಶ್ನೆ. ಅಂಥವರ ಕೈಗೆ ಬೀಗದ ಕೀಲಿ ಕೊಟ್ಟರೆ ಮುಗಿಯುವುದಿಲ್ಲ. ಎದುರಿನ ಬಾಗಿಲಿನಿಂದ ನೋಡುವ ಕಣ್ಣು ಬೇಕು, ತಲೆಮಾರು ದಾಟಿ ಉಳಿಯುವ ವ್ಯವಸ್ಥೆ ಬೇಕು. ಮುಳಿಯಾರಿನಲ್ಲಿ ಸಂತ್ರಸ್ತರಿಗಾಗಿ ರೂಪುಗೊಂಡ ಪುನರ್ವಸತಿ ಗ್ರಾಮದ ಯೋಜನೆಯ ಹಿಂದಿರುವುದೂ ಇದೇ ಚಿಂತೆ.

ಅದನ್ನು ಕಟ್ಟುವವರು ಸಾಲುಮಂಚದ ಹಜಾರಕ್ಕೆ ಹಿಂದಿರುಗದಿರಲಿ. ಪ್ರತಿಯೊಬ್ಬರಿಗೂ ತಮ್ಮದೆನ್ನಲು ಒಂದು ಬಾಗಿಲಿರಲಿ. ಎಲ್ಲ ಬಾಗಿಲುಗಳೂ ಒಂದೇ ಅಂಗಳಕ್ಕೆ ತೆರೆಯಲಿ.