‘ಮಿಂಚು’ ಎಂಬ ಕುದುರೆಯ ಗೆಲುವು ಮತ್ತು ಸಾವು

1930ರ ನವೆಂಬರ್ 1, ಶನಿವಾರ. ಆಸ್ಟ್ರೇಲಿಯದ ಮೆಲ್ಬರ್ನ್ ನಗರದಲ್ಲಿ ಬೆಳಗಿನ ಅಭ್ಯಾಸ ಮುಗಿಸಿ ಲಾಯಕ್ಕೆ ಮರಳುತ್ತಿದ್ದ ಕುದುರೆಯೊಂದರ ಮೇಲೆ ಕಾರಿನಲ್ಲಿ ಬಂದವರು ಗುಂಡು ಹಾರಿಸಿದರು. ಗುರಿ ತಪ್ಪಿತು. ಕುದುರೆಯನ್ನು ನಡೆಸಿಕೊಂಡು ಬರುತ್ತಿದ್ದ ಟಾಮಿ ವುಡ್‌ಕಾಕ್ ಎಂಬ ತರುಣ, ತಾನು ಕುಳಿತಿದ್ದ ತಟ್ಟುವನ್ನು ಅಡ್ಡ ತಂದು ಅದನ್ನು ಕಾಪಾಡಿದ. ಅದೇ ಮಧ್ಯಾಹ್ನ ಆ ಕುದುರೆ ಮೆಲ್ಬರ್ನ್ ಸ್ಟೇಕ್ಸ್ ಗೆದ್ದಿತು. ಮಂಗಳವಾರ, ದೇಶವೇ ಕೆಲಸ ನಿಲ್ಲಿಸಿ ನೋಡುವ ಮೆಲ್ಬರ್ನ್ ಕಪ್ಪನ್ನೂ ಗೆದ್ದಿತು.

ಮೂಕಪ್ರಾಣಿಯೊಂದನ್ನು ಕೊಲ್ಲಬೇಕೆನ್ನುವಷ್ಟು ದ್ವೇಷ ಯಾರಿಗಿತ್ತು? ಗುಂಡು ಹಾರಿಸಿದವರು ಸಿಕ್ಕಲಿಲ್ಲ. ಆದರೆ ಲೆಕ್ಕ ಹಾಕುವುದು ಕಷ್ಟವಲ್ಲ. ಆ ವರ್ಷ ಜನ ಎರಡು ಓಟಗಳಿಗೆ ಸೇರಿಸಿ ಕಟ್ಟುವ ‘ಡಬಲ್’ ಬಾಜಿಯಲ್ಲಿ ಕಾಲ್‌ಫೀಲ್ಡ್ ಕಪ್ಪಿಗೆ ಅಮೌನಿಸ್ ಎಂಬ ಕುದುರೆಯನ್ನೂ ಮೆಲ್ಬರ್ನ್ ಕಪ್ಪಿಗೆ ಫಾರ್ ಲ್ಯಾಪನ್ನೂ ಹಿಡಿದಿದ್ದರು. ಅಮೌನಿಸ್ ಆಗಲೇ ಗೆದ್ದಾಗಿತ್ತು. ಇನ್ನು ಫಾರ್ ಲ್ಯಾಪ್ ಗೆದ್ದರೆ ಬುಕ್ಕಿಗಳ ಗಂಟು ಬರಿದಾಗುವುದು ಖಚಿತವಿತ್ತು. ಹಾಗಾಗಿ ಶನಿವಾರದ ಓಟದ ನಂತರ ಕುದುರೆಯನ್ನು ಊರಾಚೆ ಬಚ್ಚಿಟ್ಟು, ಕಪ್ಪಿನ ದಿನವೇ ಕರೆತರಲಾಯಿತು.

ಇಷ್ಟೆಲ್ಲ ಭಯ ಹುಟ್ಟಿಸಿದ ಕುದುರೆಯನ್ನು ಎರಡು ವರ್ಷದ ಹಿಂದೆ ಕೇಳುವವರೇ ಇರಲಿಲ್ಲ. ಅದು ಹುಟ್ಟಿದ್ದು 1926ರ ಅಕ್ಟೋಬರ್ 4ರಂದು, ನ್ಯೂಜಿಲೆಂಡಿನ ಟಿಮಾರು ಬಳಿ. ಸಿಡ್ನಿಯ ತರಬೇತುದಾರ ಹ್ಯಾರಿ ಟೆಲ್‌ಫರ್ಡ್ ಹರಾಜಿನ ಪಟ್ಟಿಯಲ್ಲಿ ಅದರ ವಂಶಾವಳಿ ಓದಿ ಮರುಳಾದ. ಕೈಯಲ್ಲಿ ಕಾಸಿಲ್ಲ. ಡೇವಿಸ್ ಎಂಬ ಅಮೆರಿಕನ್ ವ್ಯಾಪಾರಿಯನ್ನು ಒಪ್ಪಿಸಿ 160 ಗಿನಿಗೆ ಕೊಡಿಸಿದ. ಹಡಗಿನಿಂದ ಇಳಿದ ಸೊಟ್ಟ ನಡಿಗೆಯ, ಮುಖದ ತುಂಬ ಗುಳ್ಳೆಗಳಿದ್ದ ಬಡಕಲು ಮರಿಯನ್ನು ಕಂಡು ಡೇವಿಸ್ ಸಿಡಿಮಿಡಿಗೊಂಡ. ತರಬೇತಿಗೆ ಒಂದು ಕಾಸೂ ಕೊಡುವುದಿಲ್ಲವೆಂದ. ಕೊನೆಗೆ ಟೆಲ್‌ಫರ್ಡ್ ಖರ್ಚೆಲ್ಲ ತಾನೇ ಹೊತ್ತು ಕುದುರೆಯನ್ನು ಮೂರು ವರ್ಷದ ಗುತ್ತಿಗೆಗೆ ಪಡೆದ. ಗಳಿಕೆಯಲ್ಲಿ ಮೂರನೇ ಒಂದು ಪಾಲು ಡೇವಿಸನಿಗೆ ಎಂದು ಕರಾರಾಯಿತು.

ಹೆಸರು ಸೂಚಿಸಿದವನು ಸಿಡ್ನಿಯ ಒಬ್ಬ ವೈದ್ಯಕೀಯ ವಿದ್ಯಾರ್ಥಿ, ಆಬ್ರಿ ಪಿಂಗ್. ಥಾಯ್ ಭಾಷೆಯಲ್ಲೂ ದಕ್ಷಿಣ ಚೀನಾದ ಝುವಾಂಗ್ ಭಾಷೆಯಲ್ಲೂ ಆ ಮಾತಿಗೆ ಮಿಂಚು ಎಂದರ್ಥ. ಟೆಲ್‌ಫರ್ಡ್‌ಗೆ ಶಕುನದ ನಂಬಿಕೆ. ಹಿಂದೆ ಕಪ್ ಗೆದ್ದ ಹಲವು ಕುದುರೆಗಳಂತೆ ಇದರ ಹೆಸರೂ ಎರಡು ಪದ, ಏಳು ಅಕ್ಷರ ಇರಲೆಂದು ‘ಎಫ್’ ತೆಗೆದು ‘ಪಿಎಚ್’ ಹಾಕಿಸಿ ಮಧ್ಯೆ ಜಾಗ ಬಿಡಿಸಿದ. ಮಿಂಚು ಮಾತ್ರ ತಡವಾಗಿ ಮಿಂಚಿತು. 1929ರ ಫೆಬ್ರುವರಿಯ ಮೊದಲ ಓಟದಲ್ಲಿ ಅದು ಕಟ್ಟಕಡೆಯದು. ಮೊದಲ ಗೆಲುವು ಸಿಕ್ಕಿದ್ದು ಏಪ್ರಿಲ್ 27ರಂದು. ಆ ವರ್ಷದ ಕೊನೆಗೆ ಎರಡು ಡರ್ಬಿಗಳು ಕೈಸೇರಿದ್ದವು. ಮುಂದಿನ ವರ್ಷದ ಸೇಂಟ್ ಲೆಜರ್ ಗೆಲುವಿನಿಂದ ಕೊನೆಯ ಓಟದವರೆಗೆ 35ರಲ್ಲಿ 32 ಗೆಲುವು. ಒಟ್ಟು 51 ಓಟಗಳಲ್ಲಿ 37.

ಅದು ಆರ್ಥಿಕ ಮುಗ್ಗಟ್ಟಿನ ಕಾಲ. ಆಸ್ಟ್ರೇಲಿಯದ ಕಾರ್ಮಿಕರಲ್ಲಿ ಹೆಚ್ಚುಕಡಿಮೆ ಶೇ 30ರಷ್ಟು ಮಂದಿ ಕೆಲಸ ಕಳೆದುಕೊಂಡಿದ್ದರು. ಬಡಕಲು ಮರಿಯೊಂದು ದುಬಾರಿ ಕುದುರೆಗಳನ್ನು ಹಿಂದಿಕ್ಕುವುದನ್ನು ನೋಡುವುದರಲ್ಲಿ ಅವರಿಗೆ ಬಾಜಿಗಿಂತ ದೊಡ್ಡ ಸುಖವಿತ್ತು. ಬಾಜಿಯಲ್ಲಂತೂ ಲಾಭ ಅಷ್ಟಕ್ಕಷ್ಟೆ. 1930ರ ಕಪ್ಪಿನಲ್ಲಿ ಫಾರ್ ಲ್ಯಾಪ್ ಮೇಲೆ 11 ಪೌಂಡ್ ಕಟ್ಟಿದವನಿಗೆ ಗಿಟ್ಟಿದ್ದು 8 ಪೌಂಡ್ ಲಾಭ.

ಆದರೆ ಹೀಗೆ ಗೆಲ್ಲುವ ಕುದುರೆಗೆ ರೇಸಿನ ನಿಯಮದಲ್ಲೇ ಒಂದು ಶಿಕ್ಷೆಯುಂಟು. ಮೆಲ್ಬರ್ನ್ ಕಪ್ ‘ಹ್ಯಾಂಡಿಕ್ಯಾಪ್’ ಓಟ. ಬೆಂಗಳೂರು, ಮೈಸೂರಿನ ರೇಸ್‌ಕೋರ್ಸುಗಳಲ್ಲೂ ಈ ಪದ್ಧತಿಯಿದೆ. ಎಲ್ಲ ಕುದುರೆಗಳಿಗೂ ಗೆಲ್ಲುವ ಅವಕಾಶ ಸಮನಾಗಿರಲೆಂದು, ಬಲಶಾಲಿಗೆ ಹೆಚ್ಚು ಭಾರ, ದುರ್ಬಲಕ್ಕೆ ಕಡಿಮೆ ಭಾರ ಗೊತ್ತುಮಾಡುತ್ತಾರೆ. ಜಾಕಿಯ ತೂಕ ಸಾಲದಿದ್ದರೆ ಜೀನಿನಲ್ಲಿ ಸೀಸದ ತುಂಡು ಇಡುತ್ತಾರೆ. ಬಾಜಿಗೆ ಇದು ನ್ಯಾಯ. ಕುದುರೆಯ ಬೆನ್ನಿಗೆ ಅಲ್ಲ. 1930ರಲ್ಲಿ ಫಾರ್ ಲ್ಯಾಪ್ ಹೊತ್ತದ್ದು ಸುಮಾರು 62.5 ಕಿಲೋ. ಜಿಮ್ ಪೈಕ್ ಅದನ್ನು ನಿರಾಯಾಸವಾಗಿ ಗೆಲ್ಲಿಸಿದ. ಮರುವರ್ಷ ಹೇರಿದ್ದು 68 ಕಿಲೋ. ಓಟವೋ ಎರಡು ಮೈಲಿ. ಆ ಸಲ ಅದು ಬಂದದ್ದು ಎಂಟನೆಯದಾಗಿ.

ಈ ಹೊರೆ ತಪ್ಪಿಸಿಕೊಳ್ಳುವ ದಾರಿ ಹೊರದೇಶ. ಡೇವಿಸ್ ಕುದುರೆಯನ್ನು ಹಡಗೇರಿಸಿ ಅಮೆರಿಕಕ್ಕೆ ಕಳಿಸಿದ. ಅಷ್ಟರಲ್ಲಿ ಅರ್ಧ ಪಾಲು ಕೊಂಡಿದ್ದ ಟೆಲ್‌ಫರ್ಡ್ ಊರಲ್ಲೇ ಉಳಿದ. ಕುದುರೆಯ ಹೊಣೆ ವುಡ್‌ಕಾಕನ ಹೆಗಲಿಗೆ ಬಿತ್ತು. 1932ರ ಮಾರ್ಚ್ 20ರಂದು ಮೆಕ್ಸಿಕೊದ ಟಿಹುವಾನಾದಲ್ಲಿ ಅಗ್ವ ಕಾಲಿಯೆಂಟೆ ಹ್ಯಾಂಡಿಕ್ಯಾಪ್. ಅಲ್ಲಿದ್ದುದು ಹುಲ್ಲಲ್ಲ, ಮಣ್ಣಿನ ಹಾದಿ. ಗೊರಸಿಗೆ ಗಾಯವೂ ಆಗಿತ್ತು. ಆದರೂ ಹಿಂದಿನಿಂದ ಬಂದು ಮೈದಾನದ ದಾಖಲೆ ಮುರಿದು ಗೆದ್ದಿತು.

ಹದಿನಾರು ದಿನಗಳ ನಂತರ, ಏಪ್ರಿಲ್ 5ರಂದು ಕ್ಯಾಲಿಫೋರ್ನಿಯಾದ ಮೆನ್ಲೊ ಪಾರ್ಕ್ ಲಾಯದಲ್ಲಿ ಕುದುರೆ ನೋವಿನಿಂದ ನರಳುತ್ತಿರುವುದನ್ನು ವುಡ್‌ಕಾಕ್ ಕಂಡ. ಕೆಲವೇ ಗಂಟೆಗಳಲ್ಲಿ ಅದು ಸತ್ತಿತು. ಹೊಟ್ಟೆ, ಕರುಳುಗಳು ಊದಿಕೊಂಡಿದ್ದವು. ಪಾತಕಿಗಳು ವಿಷವಿಕ್ಕಿದರೆಂದರು ಕೆಲವರು. ಮರಗಳಿಗೆ ಸಿಂಪಡಿಸಿದ್ದ ಕೀಟನಾಶಕ ಹುಲ್ಲಿನ ಮೇಲೆ ಬಿದ್ದಿತ್ತೆಂದರು ಇನ್ನು ಕೆಲವರು. 2000ದಲ್ಲಿ ಪಶುವೈದ್ಯರು ಕರುಳಿನ ಸೋಂಕೇ ಕಾರಣವಿರಬೇಕೆಂದು ವಾದಿಸಿದರು.

ವಿಜ್ಞಾನಿಗಳು ಕಡೆಗೆ ಮೊರೆಹೋದದ್ದು ಅದರ ಕೇಸರದ ಕೂದಲಿಗೆ. ತೊಂದರೆಯೆಂದರೆ, ಚರ್ಮ ಕೆಡದಂತೆ ಹದಮಾಡುವಾಗಲೂ ಆರ್ಸೆನಿಕ್ ಬಳಸುತ್ತಿದ್ದರು. ಕೂದಲಲ್ಲಿ ಆ ವಿಷ ಸಿಕ್ಕಿದ ಮಾತ್ರಕ್ಕೆ ಏನೂ ಸಾಬೀತಾಗದು. ಹೊರಗಿನಿಂದ ಹತ್ತಿದ್ದೋ, ರಕ್ತದ ಮೂಲಕ ಒಳಗೆ ಸೇರಿದ್ದೋ ಎಂದು ಬಿಡಿಸಿ ನೋಡಲು ಸಿಂಕ್ರೊಟ್ರಾನ್ ಯಂತ್ರದ ಪ್ರಬಲ ಎಕ್ಸ್-ಕಿರಣ ಬೇಕಾಯಿತು. ಸಾಯುವ ಮುನ್ನ, ಒಂದೆರಡು ದಿನದೊಳಗೆ, ಕುದುರೆಯ ಹೊಟ್ಟೆಗೆ ಭಾರಿ ಪ್ರಮಾಣದ ಆರ್ಸೆನಿಕ್ ಹೋಗಿತ್ತೆಂದು 2008ರಲ್ಲಿ ಸಂಶೋಧಕರು ಹೇಳಿದರು.

ಹಾಗಾದರೆ ಕೊಲೆಯೇ? ಅದೂ ಸಲೀಸಾಗಿ ಹೇಳುವ ಮಾತಲ್ಲ. ಆ ಕಾಲದಲ್ಲಿ ರೇಸ್ ಕುದುರೆಗಳಿಗೆ ಹಸಿವು, ಹುರುಪು ಹೆಚ್ಚಲೆಂದು ಆರ್ಸೆನಿಕ್ ಬೆರೆಸಿದ ಟಾನಿಕ್ ಕುಡಿಸುವುದು ರೂಢಿಯಲ್ಲಿತ್ತು. ಟೆಲ್‌ಫರ್ಡ್ ಕೈಬರಹದ ಟಾನಿಕ್ ಪುಸ್ತಕ 2008ರಲ್ಲಿ ಹರಾಜಿಗೆ ಬಂದಾಗ ವಿಕ್ಟೋರಿಯ ವಸ್ತುಸಂಗ್ರಹಾಲಯ ಅದನ್ನು ಕೊಂಡಿತು. ಅದರಲ್ಲಿ ಆರ್ಸೆನಿಕ್ ಮಾತ್ರವಲ್ಲ, ಸ್ಟ್ರಿಕ್ನಿನ್ ಸೇರಿದ ಔಷಧಿಗಳೂ ಇವೆ. ವೈರಿಯ ಕೈಯೋ, ಪ್ರೀತಿಯ ಕೈ ಅಳತೆ ತಪ್ಪಿತೋ, ಕೂದಲು ಹೇಳದು.

ಸತ್ತ ಮೇಲೂ ಕುದುರೆಗೆ ಹಕ್ಕುದಾರರು ಹಲವರು. ಹದಮಾಡಿದ ಚರ್ಮ ಮೆಲ್ಬರ್ನಿಗೆ ಹೋಯಿತು. ಹುಟ್ಟಿದ ನಾಡೆಂದು ಅಸ್ಥಿಪಂಜರ ನ್ಯೂಜಿಲೆಂಡಿನ ವೆಲ್ಲಿಂಗ್ಟನ್ ಸೇರಿತು. ಹೃದಯ ಕ್ಯಾನ್‌ಬೆರಾದಲ್ಲಿದೆ, ಸಾಧಾರಣ ಕುದುರೆಯ ಹೃದಯದ ಸುಮಾರು ಎರಡರಷ್ಟು, 6.2 ಕಿಲೋ. ಧೈರ್ಯವಂತನನ್ನು ಹೊಗಳುವಾಗ ಫಾರ್ ಲ್ಯಾಪಿನಷ್ಟು ದೊಡ್ಡ ಹೃದಯ ಎನ್ನುವುದು ಆಸ್ಟ್ರೇಲಿಯದ ಆಡುಮಾತು.

ವುಡ್‌ಕಾಕ್ ಊರಿಗೆ ಮರಳಿ ತರಬೇತುದಾರನಾದ. 1977ರಲ್ಲಿ, ಎಪ್ಪತ್ತು ದಾಟಿದ ಮೇಲೆ, ತನ್ನ ರೆಕ್‌ಲೆಸ್ ಎಂಬ ಕುದುರೆಯನ್ನು ಮೆಲ್ಬರ್ನ್ ಕಪ್ಪಿಗೆ ಇಳಿಸಿದ. ಅದು ಎರಡನೆಯದಾಗಿ ಬಂತು.