ಹೊಗೆ ಯಾರ ಲೆಕ್ಕಕ್ಕೆ?

2024ರ ಸೆಪ್ಟೆಂಬರ್ 30ರಂದು ಬ್ರಿಟನ್ನಿನಲ್ಲಿ ಎರಡು ಕಡೆ ಬೆಂಕಿ ಆರಿತು. ನಾಟಿಂಗ್‌ಹ್ಯಾಮ್‌ಶೈರಿನ ರ‍್ಯಾಟ್‌ಕ್ಲಿಫ್ ವಿದ್ಯುತ್ ಸ್ಥಾವರ ನಿಂತಿತು. 1882ರಲ್ಲಿ ಲಂಡನ್ನಿನಲ್ಲಿ ಶುರುವಾದ ಕಲ್ಲಿದ್ದಲಿನ ಕರೆಂಟಿನ ಕಥೆ ಅಲ್ಲಿಗೆ ಮುಗಿಯಿತು. ಅದೇ ದಿನ ವೇಲ್ಸ್‌ನ ಪೋರ್ಟ್ ಟಾಲ್ಬಟ್‌ನಲ್ಲಿ ಟಾಟಾ ಸ್ಟೀಲ್ ತನ್ನ ಕೊನೆಯ ಊದುಕುಲುಮೆಯನ್ನು (ಬ್ಲಾಸ್ಟ್ ಫರ್ನೆಸ್) ಮುಚ್ಚಿತು. ಅದೇ ತಿಂಗಳು, ಅದೇ ಕಂಪನಿ, ಒಡಿಶಾದ ಕಳಿಂಗನಗರದಲ್ಲಿ ಭಾರತದ ಅತಿ ದೊಡ್ಡ ಊದುಕುಲುಮೆಯನ್ನು ಹೊತ್ತಿಸಿತ್ತು.

ಸಂಪತ್ತು ಹೆಚ್ಚಿದರೂ ಹೊಗೆ ಇಳಿಸಬಹುದು ಎನ್ನುವವರು ಮೊದಲು ತೋರಿಸುವುದೇ ಬ್ರಿಟನ್ನನ್ನು. 1990ರಿಂದೀಚೆಗೆ ಅದರ ಆರ್ಥಿಕತೆ ಮುಕ್ಕಾಲು ಪಾಲಿನಷ್ಟು ಹಿಗ್ಗಿದೆ, ಹಸಿರುಮನೆ ಅನಿಲಗಳು ಅರ್ಧಕ್ಕೂ ಕೆಳಗಿಳಿದಿವೆ. ಇದು ಬೂಟಾಟಿಕೆಯಲ್ಲ. ಕಲ್ಲಿದ್ದಲಿನ ಜಾಗಕ್ಕೆ ಮೊದಲು ಅನಿಲ ಬಂತು, ಆಮೇಲೆ ಸಮುದ್ರದ ಗಾಳಿ. ಇಳಿಕೆಯ ದೊಡ್ಡ ಪಾಲು ವಿದ್ಯುತ್ತಿನದೇ.

ಉಕ್ಕಿನ ಮಾತು ಬೇರೆ. ಊದುಕುಲುಮೆಯೊಳಗೆ ಕಲ್ಲಿದ್ದಲು ಬರೀ ಉರುವಲಲ್ಲ. ಅದಿರಿನಲ್ಲಿ ಕಬ್ಬಿಣ ಆಮ್ಲಜನಕದ ಜೊತೆ ಬೆಸೆದುಕೊಂಡಿರುತ್ತದೆ. ಕಲ್ಲಿದ್ದಲಿನಿಂದ ಮಾಡಿದ ಕೋಕ್‌ನ ಇಂಗಾಲ ಆ ಆಮ್ಲಜನಕವನ್ನು ಕಿತ್ತುಕೊಂಡು ಇಂಗಾಲದ ಡೈಆಕ್ಸೈಡ್ ಆಗಿ ಹೊರಬೀಳುತ್ತದೆ. ಒಂದು ಟನ್ ಉಕ್ಕಿಗೆ ಎರಡು ಟನ್ನಿನ ಆಸುಪಾಸು. ಕಾರ್ಖಾನೆಯ ಛಾವಣಿಗೆಲ್ಲ ಸೋಲಾರ್ ಹೊದಿಸಿದರೂ ಈ ರಸಾಯನ ಬದಲಾಗದು. ಪೋರ್ಟ್ ಟಾಲ್ಬಟ್ ಇದರಿಂದ ಪಾರಾಗಲು ಗುಜರಿ ಕರಗಿಸುವ ವಿದ್ಯುತ್ ಕುಲುಮೆ ಕಟ್ಟುತ್ತಿದೆ. ಇನ್ನೂರು ವರ್ಷ ಕಬ್ಬಿಣ ಬಳಸಿದ ದೇಶದಲ್ಲಿ ಗುಜರಿಗೇನು ಬರ? ನಮ್ಮಲ್ಲಿ ಮೆಟ್ರೊ ಕಂಬಗಳು ಈಗಷ್ಟೇ ಏಳುತ್ತಿವೆ; ಅವು ಗುಜರಿಯಾಗುವುದು ಮೊಮ್ಮಕ್ಕಳ ಕಾಲಕ್ಕೆ. ಅಲ್ಲಿಯವರೆಗೆ ಸಂಡೂರಿನ ಅದಿರು ತೋರಣಗಲ್ಲಿನ ಕುಲುಮೆಗೆ ಬೀಳುತ್ತಲೇ ಇರಬೇಕು.

ಹೊಸ ಕುಲುಮೆ ಸಿದ್ಧವಾಗುವ ತನಕ ಪೋರ್ಟ್ ಟಾಲ್ಬಟ್‌ನ ರೋಲಿಂಗ್ ಮಿಲ್ಲಿಗೆ ಉಕ್ಕು ಹೊರದೇಶಗಳಿಂದ ಬರುತ್ತದೆ. ಅದರ ಹೊಗೆ ಬ್ರಿಟನ್ನಿನ ಲೆಕ್ಕಕ್ಕೆ ಸೇರುವುದಿಲ್ಲ. ಹೊಗೆ ಎದ್ದ ನೆಲ ಯಾವುದೋ ಆ ದೇಶದ ಖಾತೆಗೆ ಎಂಬುದು ವಿಶ್ವಸಂಸ್ಥೆಯ ಪದ್ಧತಿ. ಉಕ್ಕು ಯಾರ ಕಾರಾಯಿತೆಂದು ಅದು ಕೇಳುವುದಿಲ್ಲ. ಹೊರಗಿನವರಿಗಾಗಿ ಮಾಡಿದ ಉಕ್ಕಿನ ಹೊಗೆಯೂ ನಮ್ಮ ತಲೆಗೆ ಬಿದ್ದರೂ ಭಾರತದ ತಲಾ ಇಂಗಾಲದ ಡೈಆಕ್ಸೈಡ್ ವರ್ಷಕ್ಕೆ ಎರಡು ಟನ್ನಿನಷ್ಟು, ಬ್ರಿಟನ್ನಿನದು ಅದರ ಸುಮಾರು ಎರಡು ಪಟ್ಟು. 

ಯುರೋಪ್ ಒಕ್ಕೂಟ ಲೆಕ್ಕದ ಈ ಲೋಪವನ್ನು ಸರಿಪಡಿಸಲು ಹೊರಟಿದೆ: 2026ರ ಜನವರಿಯಿಂದ ಆಮದು ಉಕ್ಕಿನ ಮೇಲೆ ಇಂಗಾಲದ ಸುಂಕ. ಕೊಳ್ಳುವವರು ಹೊಗೆಗೂ ಬೆಲೆ ತೆರಲಿ ಎಂಬ ಮಾತು ನ್ಯಾಯವೇ. ಆದರೆ ವಸೂಲಾದ ಹಣ ಯುರೋಪಿನ ಬೊಕ್ಕಸಕ್ಕೇ ಹೋಗುತ್ತದೆ; ಕಳಿಂಗನಗರದಲ್ಲೋ ತೋರಣಗಲ್ಲಿನಲ್ಲೋ ಕೋಕ್ ಬದಲು ಹೈಡ್ರೋಜನ್ ಬಳಸುವ ಕುಲುಮೆ ಕಟ್ಟಲು ಅದರಲ್ಲಿ ಪಾಲು ಮೀಸಲಿಟ್ಟಿಲ್ಲ.